ಗ್ಲಾಕೋಮಾ ಇದ್ದವರ ಓದು

ಮಳೆಗಾಲದಲ್ಲಿ ಶಿರಸಿ ಸೀಮೆಯ ಹಳೆ ಮನೆಗಳ ಜಗಲಿ ಹಗಲಲ್ಲೂ ಮಬ್ಬು. ಅಲ್ಲಿ ಪೇಪರ್ ಹಿಡಿದು ಕೂತ ಅಜ್ಜ "ಸಾಲೇ ತಪ್ಪಿ ಹೋಗ್ತು" ಅಂದರೆ ಮನೆಯವರು ಕನ್ನಡಕದ ನಂಬರ್ ಬದಲಾಯಿಸಲು ಹೊರಡುತ್ತಾರೆ. ಅಜ್ಜನಿಗೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದರೆ, ನಂಬರ್ ಸರಿಯಿದ್ದರೂ ಸಾಲು ತಪ್ಪಬಹುದು.

ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಗ್ಲಾಕೋಮಾದಲ್ಲಿ ಅವು ಮೆಲ್ಲಗೆ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ನಡುವಿನ ನೋಟ ಬಹುಕಾಲ ಉಳಿಯುವುದರಿಂದ ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ಅಜ್ಜ ಸರಾಗವಾಗಿ ಓದಿಬಿಡುತ್ತಾರೆ. ಪುಸ್ತಕದ ಓದು ಬೇರೆ. ಅಲ್ಲಿ ಕಣ್ಣು ಹಾರುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಎಲ್ಲಿಗೆ ಹಾರಬೇಕೆಂದು ತೋರಿಸುವುದು ಅಂಚಿನ ನೋಟ. ನಡುವಿಗೆ ಹತ್ತಿರ ಬಲಗಡೆ ನೋಟ ಹೋಗಿದ್ದರೆ ಮುಂದಿನ ಪದ ಸಿಗುವುದಿಲ್ಲ; ಎಡಗಡೆ ಅಥವಾ ಕೆಳಗಡೆ ಹೋಗಿದ್ದರೆ ಮುಂದಿನ ಸಾಲಿನ ಆರಂಭ ಸಿಗುವುದಿಲ್ಲ. ಜೊತೆಗೆ ಕಪ್ಪು-ಬಿಳುಪಿನ ಅಂತರ ಗುರುತಿಸುವ ಶಕ್ತಿಯೂ ಕುಗ್ಗುತ್ತದೆ. ನಮ್ಮ ಲಿಪಿಯಲ್ಲಿ ಇದು ಸಣ್ಣ ಕಷ್ಟವಲ್ಲ: ಪ, ಷ, ಫ ಬೇರೆಯಾಗುವುದು ಒಂದು ಸಣ್ಣ ಗೆರೆಯಿಂದ, ಒತ್ತಕ್ಷರಗಳೋ ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತವೆ.

ಆದ್ದರಿಂದ ಯಾವ ಬದಿಯ ನೋಟ ಹೋಗಿದೆ ಎಂದು ಫೀಲ್ಡ್ ಟೆಸ್ಟ್ (ನೋಟ ಎಲ್ಲೆಲ್ಲಿ ಉಳಿದಿದೆ ಎಂದು ಅಳೆಯುವ ಪರೀಕ್ಷೆ) ನೋಡಿ ಹೇಳುವಂತೆ ಡಾಕ್ಟರರನ್ನೇ ಕೇಳಿ. ಅಭ್ಯಾಸ ಅಲ್ಲಿಂದ ಶುರು. ಕಪ್ಪು ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಸೀಳು ಕತ್ತರಿಸಿ ಪುಟದ ಮೇಲಿಡಿ; ಸುತ್ತಲಿನ ಬಿಳಿಯ ಪ್ರಖರತೆಯೂ ತಗ್ಗುತ್ತದೆ. ಎಡಗೈ ಬೆರಳು ಸಾಲಿನ ಮೊದಲ ಅಕ್ಷರದ ಬಳಿ ಇರಲಿ. ಸಾಲು ಮುಗಿದಾಗ ಓರೆಯಾಗಿ ಕೆಳಗೆ ಇಳಿಯಬೇಡಿ. ಓದಿದ ಸಾಲಿನ ಮೇಲೆಯೇ ಕಣ್ಣನ್ನು ಹಿಂದಕ್ಕೆ ತಂದು, ಬೆರಳು ಮುಟ್ಟಿದ ಮೇಲೆ ಒಂದು ಸಾಲು ಇಳಿಯಿರಿ. ಮೊದಲಿಗೆ ಇದು ತೀರಾ ನಿಧಾನ ಅನ್ನಿಸುತ್ತದೆ, ಆದರೆ ಸಾಲು ಕಳೆದುಕೊಂಡು ಹುಡುಕುವ ಆಯಾಸ ತಪ್ಪುತ್ತದೆ. ಕೆಲವರಿಗೆ ಪುಟವನ್ನು ಸ್ವಲ್ಪ ಓರೆಯಾಗಿಟ್ಟರೆ ಉಳಿದ ನೋಟಕ್ಕೆ ಪದಗಳು ಸಿಗುತ್ತವೆ. ಶುರುವಿಗೆ ಪೇಪರಿಗಿಂತ ಯಕ್ಷಗಾನ ಪ್ರಸಂಗದ ಪದ್ಯಗಳೇ ಒಳ್ಳೆಯವು ಎಂದು ನನಗನ್ನಿಸುತ್ತದೆ: ಗಿಡ್ಡ ಸಾಲು, ಅರ್ಧ ಬಾಯಿಪಾಠ.

ದೀಪ ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳಲಿ, ಕಣ್ಣಿಗೆ ರಾಚದಿರಲಿ. ದೊಡ್ಡ ಭೂತಕನ್ನಡಿ ತರುವ ಮುನ್ನ ಯೋಚಿಸಿ. ನೋಟದ ವ್ಯಾಪ್ತಿ ಕಿರಿದಾಗಿದ್ದರೆ ಅಕ್ಷರ ಹಿಗ್ಗಿದಷ್ಟೂ ಒಮ್ಮೆಗೆ ಕಾಣುವ ಅಕ್ಷರಗಳು ಕಡಿಮೆಯಾಗುತ್ತವೆ. ಗ್ಲಾಕೋಮಾ ಇದ್ದವರ ವೇಗ ಓದುತ್ತ ಓದುತ್ತ ಇಳಿಯುವುದುಂಟು, ಹಾಗಾಗಿ ನಡುನಡುವೆ ಪುಸ್ತಕ ಮುಚ್ಚಿ ಕೂರುವುದೂ ಅಭ್ಯಾಸದ ಭಾಗವೇ. ಸತ್ತ ಎಳೆಗಳನ್ನು ಇದಾವುದೂ ಬದುಕಿಸುವುದಿಲ್ಲ. ಉಳಿದವನ್ನು ಕಾಯಲು ಡಾಕ್ಟರರು ಹೇಳಿದ ಹನಿ ಔಷಧಿಯನ್ನು ಒಂದು ದಿನವೂ ತಪ್ಪಿಸಬಾರದು.