ಒಂದು ದಿನ ತಪ್ಪಿದರೆ ಎಲ್ಲಾ ಹೋಯ್ತಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರದ ಹಳ್ಳಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಿಗ್ಗೆ 5ಕ್ಕೆ ಎದ್ದು ಎರಡು ಗಂಟೆ ಓದಬೇಕು ಅಂತ ಎಷ್ಟೋ ಸಲ ಶುರು ಮಾಡಿದೆ. ಹದಿನೈದು ದಿನ ನಡೆಯುತ್ತದೆ. ಒಂದು ದಿನ ತಪ್ಪಿದರೆ ಅಲ್ಲಿಗೆ ಮುಗಿಯಿತು. 21 ದಿನ ಮಾಡಿದರೆ ಅಭ್ಯಾಸ ತಾನಾಗಿ ಬರುತ್ತದೆ ಅಂತಾರಲ್ಲ, ನನಗೆ ಯಾಕೆ ಬರುತ್ತಿಲ್ಲ?

ಉತ್ತರ: ತುಂಬಾ ಜನ ಇದನ್ನೇ ಕೇಳುತ್ತಾರೆ, ತಪ್ಪೆಲ್ಲ ತಮ್ಮದೇ ಅಂದುಕೊಂಡು ಕೇಳುತ್ತಾರೆ. ಮೊದಲು ಆ 21ರ ಲೆಕ್ಕ ಬಿಟ್ಟುಬಿಡಿ. ಅದು ಬಂದಿದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕದಿಂದ. ಆಪರೇಷನ್ ಆದವರಿಗೆ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನ ಬೇಕು ಅಂತ ಅವರು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕನಿಷ್ಠ' ಅನ್ನುವ ಪದ ಉದುರಿಹೋಯಿತು.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಾ ಒಂದೇ ಸಂದರ್ಭದಲ್ಲಿ ಒಂದು ಹೊಸ ಕೆಲಸ ಮಾಡಬೇಕಿತ್ತು. ಯೋಚಿಸದೆ ಆ ಕೆಲಸ ಆಗುವಂತಾಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತು ಅನ್ನುವ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ಅಂದರೆ ನೀವು ಸೋತಿದ್ದು ತಪ್ಪಿದ ದಿನ ಅಲ್ಲ, ಅದರ ಮಾರನೇ ದಿನ.

ನಮ್ಮ ಹಾಸನದ ಬಾನು ಮುಷ್ತಾಕ್ ಅವರನ್ನೇ ನೋಡಿ. 2025ರಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರ ಜೊತೆ ತಮ್ಮ ಕಥಾಸಂಕಲನಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದರು. ಆ ಸಂಕಲನದ 12 ಕಥೆಗಳು 1990ರಿಂದ 2023ರ ನಡುವೆ ಬರೆದವು. ವಕೀಲಿಕೆ, ಹೋರಾಟ, ಸಂಸಾರ ಎಲ್ಲದರ ನಡುವೆ ಅವರು ಕಥೆಗೆ ಮತ್ತೆ ಮತ್ತೆ ಮರಳಿ ಬಂದರು.

ಈಗ ನಿಮ್ಮ 5 ಗಂಟೆಯ ವಿಷಯ. ಜುಲೈ ತಿಂಗಳ ಸಕಲೇಶಪುರದ ಬೆಳಗು ನನಗೆ ಗೊತ್ತು. ಹೊರಗೆ ಧೋ ಅಂತ ಮಳೆ, ಕರೆಂಟ್ ಇಲ್ಲ, ಕಂಬಳಿ ಬಿಡೋಕೆ ಮನಸ್ಸಿಲ್ಲ. ಅಲಾರಾಂ ಒಂದನ್ನೇ ನಂಬಿದರೆ ದಿನಾ ನಿಮ್ಮ ಜೊತೆ ನೀವೇ ಜಗಳ ಆಡಬೇಕು. ಅದರ ಬದಲು ಮನೆಯಲ್ಲಿ ಹೇಗೂ ನಡೆಯುವ ಕೆಲಸಕ್ಕೆ ಓದನ್ನು ಗಂಟು ಹಾಕಿ. ನಾನು ಪಿಯುಸಿ ಓದುವಾಗ ಬಚ್ಚಲ ಒಲೆಗೆ ಬೆಂಕಿ ಹಾಕುವುದು ನನ್ನ ಪಾಲಿನ ಕೆಲಸ. ಹಂಡೆ ನೀರು ಕಾಯುವವರೆಗೆ ಅಲ್ಲೇ ಮಣೆ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದೆ. ಓದಲೋ ಬೇಡವೋ ಅನ್ನುವ ಪ್ರಶ್ನೆಯೇ ಏಳುತ್ತಿರಲಿಲ್ಲ. ನನಗೆ ಭಾರಿ ಶಿಸ್ತಿದೆ ಅಂದುಕೊಂಡಿದ್ದೆ. ಹಾಸನಕ್ಕೆ ಬಂದು ಹಾಸ್ಟೆಲ್ ಸೇರಿದ ತಿಂಗಳಲ್ಲೇ ಓದು ನಿಂತುಹೋಯಿತು. ನನ್ನನ್ನು ಕೂರಿಸುತ್ತಿದ್ದದ್ದು ಆ ಒಲೆ ಅಂತ ಆಗ ಗೊತ್ತಾಯಿತು. ಕೊನೆಗೆ ರಾತ್ರಿ ಊಟ ಮುಗಿಸಿ ತಟ್ಟೆ ತೊಳೆದಿಟ್ಟ ಕೂಡಲೇ ಓದುವುದು ಅಂತ ಮಾಡಿಕೊಂಡೆ. ಹಿಡಿಯಲು ಮೂರು ತಿಂಗಳು ಬೇಕಾಯಿತು.

ಎರಡು ಗಂಟೆಯೂ ಶುರುವಿಗೆ ಜಾಸ್ತಿಯೇ. ಇಪ್ಪತ್ತು ನಿಮಿಷ ಸಾಕು. ಭಾನುವಾರ ಒಟ್ಟಿಗೆ ಓದಿದ್ದಕ್ಕಿಂತ ವಾರಪೂರ್ತಿ ಹಂಚಿ ಓದಿದ್ದು ಜಾಸ್ತಿ ದಿನ ನೆನಪಿರುತ್ತದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ಪ್ರಯೋಗ ಮಾಡಿಕೊಂಡು ಇದನ್ನು ಕಂಡುಕೊಂಡಿದ್ದರು.

ಇನ್ನೊಂದು ಮಾತು. ಹಬ್ಬಕ್ಕೆ ನೆಂಟರ ಮನೆಗೆ ಹೋದಾಗ ನಿಮ್ಮ ಒಲೆಯೂ ಇರಲ್ಲ, ತಟ್ಟೆಯೂ ಇರಲ್ಲ. ಸಾಮಾನ್ಯವಾಗಿ ಓದು ಕಡಿಯುವುದು ಅಲ್ಲೇ. ಹೊರಡುವ ಮೊದಲೇ ಬೇರೊಂದು ಹೊತ್ತು ಗೊತ್ತು ಮಾಡಿಕೊಂಡಿರಿ. ಬೆಳಗಿನ ಕಾಫಿ ಲೋಟ ಕೈಗೆ ಬಂದಾಗ ಎರಡು ಪುಟ, ಅಷ್ಟೇ.