ಕಪ್ಪು ಮಡಕೆಗೆ ಕಪ್ಪು ಮಣ್ಣು ಬೇಕಾ?

ಪ್ರಶ್ನೆ: ಕಪ್ಪು ಮಡಕೆಯನ್ನು ಎರೆಮಣ್ಣಿನಲ್ಲಿ ಮಾಡುತ್ತಾರಾ? ಕೆಂಪಿನದಕ್ಕೆ ಬೇರೆ ಮಣ್ಣಾ?

ಉತ್ತರ: ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ. ಎರಡಕ್ಕೂ ಅದೇ ಕೆರೆಯ ಜೇಡಿಮಣ್ಣು, ಕುಂಬಾರನ ಅದೇ ತಿಗರಿ. ಬಣ್ಣ ಬೇರೆಯಾಗುವುದು ಮಡಕೆ ಸುಡುವ ಗೂಡಿನಲ್ಲಿ, ಅಂದರೆ ಆವಿಗೆಯಲ್ಲಿ.

ಬರೀ ಎರೆಮಣ್ಣಿನಲ್ಲಿ ಮಡಕೆ ಮಾಡಿದರೆ ಏನಾಗುತ್ತದೆ? ನೀರು ಕುಡಿದು ಉಬ್ಬಿದ ಮಣ್ಣು ಒಣಗುವಾಗ ವಿಪರೀತ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಟ್ಟ ಹಾಗೆ ಮಡಕೆ ನೆರಳಲ್ಲೇ ಸೀಳುತ್ತದೆ. ಸೀಳದೆ ಉಳಿದದ್ದನ್ನು ಸುಟ್ಟಿರಿ ಎನ್ನಿ, ಮಣ್ಣಿನೊಳಗಿನ ಸುಣ್ಣದ ಹರಳು ಬಿಡುವುದಿಲ್ಲ. ಬೆಂಕಿಯಲ್ಲಿ ಅದು ಸುಟ್ಟ ಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಅರಳುತ್ತದೆ. ಕೆಲವೇ ದಿನಗಳಲ್ಲಿ ಮಡಕೆಯ ಮೈಯಿಂದ ಬಿಲ್ಲೆಯಂಥ ಚಕ್ಕೆ ಹಾರಿ, ಕುಳಿಯ ನಡುವೆ ಬಿಳಿ ಚುಕ್ಕೆ ಕಾಣುತ್ತದೆ. ಕಡಲೆಯಷ್ಟು ಹರಳು ಸಾಕು. ಜಿಗುಟಿಗೆಂದು ಸ್ವಲ್ಪ ಎರೆ ಬೆರೆಸುವ ಕುಂಬಾರರಿದ್ದಾರೆ, ಬಣ್ಣಕ್ಕಾಗಿ ಅಲ್ಲ. ಗಾಳಿಯಾಡುವ ಬೆಂಕಿಯಲ್ಲಿ ಎರೆಮಣ್ಣೂ ಕಪ್ಪಾಗಿ ಉಳಿಯುವುದಿಲ್ಲ!

ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶವಿದೆ. ಉರಿಗೆ ಗಾಳಿ ಸಿಕ್ಕರೆ ಅದು ಕೆಂಪು. ಕಪ್ಪು ಬೇಕಾದರೆ ಮಡಕೆ ನಿಗಿನಿಗಿ ಬೆಂದ ಹೊತ್ತಿಗೆ ಹಸಿಸೊಪ್ಪು, ಹೊಟ್ಟು ತುಂಬಿ ಆವಿಗೆಯ ಬಾಯಿ, ಕಿಂಡಿಗಳಿಗೆಲ್ಲ ಕೆಸರು ಮೆತ್ತಬೇಕು. ಹೊಗೆ ಒಳಗೇ ಸುತ್ತಿ ಅದರ ಮಸಿ ಮಡಕೆಯ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಕಬ್ಬಿಣವೂ ಆಮ್ಲಜನಕ ಕಳೆದುಕೊಂಡು ಕಪ್ಪಾಗುತ್ತದೆ. ಪೂರ್ತಿ ತಣಿಯುವ ಮೊದಲೇ ಕೆಸರು ಒಡೆದರೆ ಗಾಳಿ ನುಗ್ಗಿ ಮಸಿ ಉರಿದುಹೋಗುತ್ತದೆ, ಮೈಮೇಲೆ ಕೆಂಪು ಮಚ್ಚೆ ಬೀಳುತ್ತದೆ.

ನಂಬಿಕೆ ಬರದಿದ್ದರೆ ಒಡೆದ ಕಪ್ಪು ಮಡಕೆಯ ಚೂರೊಂದನ್ನು ಕೆಂಡದ ಮೇಲಿಟ್ಟು, ಚೆನ್ನಾಗಿ ಗಾಳಿ ಊದುತ್ತ ಕೆಂಪಗೆ ಕಾಯಿಸಿ. ತಣಿದ ಮೇಲೆ ನೋಡಿ, ಅಂಚಿನಿಂದ ಕೆಂಪು ತಿರುಗಿರುತ್ತದೆ.

ಒಂದೇ ಮಡಕೆಗೆ ಎರಡು ಬಣ್ಣ ಬರುವುದು ಹೇಗೆ? ಯಾರೂ ಕೇಳದ ಈ ಪ್ರಶ್ನೆಗೂ ಇದೇ ಉತ್ತರ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ, ಬೃಹತ್ ಶಿಲಾ ಸಮಾಧಿಗಳಲ್ಲಿ ಇಂಥ ಎರಡು ಬಣ್ಣದ ಪಾತ್ರೆಗಳು ಸಿಕ್ಕವು. ಒಳಮೈ ಮತ್ತು ಬಾಯಂಚು ಕಪ್ಪು, ಹೊರಗೆ ಕೆಳಭಾಗ ಕೆಂಪು. ಎರಡು ಸಲ ಸುಟ್ಟಿರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ಹೆಚ್ಚಿನವರು ಒಪ್ಪುವುದು ಬೋರಲು ಹಾಕಿ ಸುಟ್ಟರು ಎಂಬುದನ್ನು: ಬೂದಿ, ಹೊಟ್ಟಿನಲ್ಲಿ ಹೂತ ಬಾಯಿಗೂ ಒಳಮೈಗೂ ಗಾಳಿ ಸಿಗದೆ ಕಪ್ಪಾಯಿತು, ತೆರೆದಿದ್ದ ತಳ ಕೆಂಪಾಯಿತು. ಮ್ಯೂಸಿಯಮ್ಮಿಗೆ ಹೋದಾಗ ಎರಡು ಬಣ್ಣ ಕೂಡುವ ಜಾಗವನ್ನು ಹತ್ತಿರದಿಂದ ನೋಡಿ. ಕುಂಚದಿಂದ ಎಳೆದಂಥ ಗೆರೆ ಅಲ್ಲಿರುವುದಿಲ್ಲ, ಕಪ್ಪು ಕಂದಾಗಿ ಕೆಂಪಿನೊಳಗೆ ಕರಗಿರುತ್ತದೆ.