ಯಂತ್ರನಾಯಿ ಇಲ್ಲದ ‘ಫ್ಯಾರನ್‌ಹೀಟ್ 451’

ಪ್ರಶ್ನೆ: ರೇ ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ನನ್ನ ಅಚ್ಚುಮೆಚ್ಚಿನ ಕಾದಂಬರಿ. ಮೊನ್ನೆ ಫ್ರಾನ್ಸ್ವಾ ತ್ರುಫೋ ಅವರ 1966ರ ಸಿನಿಮಾ ನೋಡಿ ನಿರಾಶನಾದೆ. ಓಡಿಹೋದವರನ್ನು ಬೇಟೆಯಾಡುವ ಯಂತ್ರನಾಯಿ ಇಲ್ಲ, ನಾಯಕನಿಗೆ ನೆರವಾಗುವ ಪ್ರೊಫೆಸರ್ ಫೇಬರ್ ಇಲ್ಲ, ಕೊನೆಯ ಯುದ್ಧವೂ ಇಲ್ಲ. ಇದು ಕಾದಂಬರಿಗೆ ಮಾಡಿದ ಅನ್ಯಾಯವಲ್ಲವೇ?

ಉತ್ತರ: ಕೃತಿಯ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ನನಗೆ ಎಷ್ಟು ಬಾರಿ ಬಂದಿದೆಯೆಂದು ಲೆಕ್ಕವಿಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಅನ್ಯಾಯವಲ್ಲ. ಆ ಸಿನಿಮಾದಲ್ಲಿ ದೋಷಗಳಿವೆ, ಆದರೆ ನೀವು ಪಟ್ಟಿ ಮಾಡಿದವು ಆ ದೋಷಗಳಲ್ಲ.

ಕಾದಂಬರಿಯಿಂದ ಏನೇನು ಬಂತು, ಏನೇನು ಬಿಟ್ಟುಹೋಯಿತು ಎಂದು ಜಮಾಖರ್ಚು ಬರೆದು, ಬಿಟ್ಟದ್ದು ಕಡಿಮೆಯಾದಷ್ಟೂ ಸಿನಿಮಾ ಒಳ್ಳೆಯದು ಎಂದು ತೀರ್ಪು ಕೊಡುವ ಅಭ್ಯಾಸ ಓದುಗರಲ್ಲಿ ಆಳವಾಗಿ ಬೇರೂರಿದೆ. ಈ ನಂಬಿಕೆಯನ್ನು ಅಲ್ಲಾಡಿಸಲು ಇದೇ ಕಾದಂಬರಿಯ ಚರಿತ್ರೆ ಸಾಕು. ಸಿನಿಮಾ ನಿಷ್ಠವಾಗಿರಬೇಕು ಎನ್ನುವುದಾದರೆ, ಯಾವ ಪಠ್ಯಕ್ಕೆ ನಿಷ್ಠವಾಗಿರಬೇಕು? 1951ರಲ್ಲಿ ‘ಗ್ಯಾಲಕ್ಸಿ’ ಪತ್ರಿಕೆಯಲ್ಲಿ ‘ದಿ ಫೈರ್‌ಮನ್’ ಎಂಬ ನೀಳ್ಗತೆಯಾಗಿ ಬಂದದ್ದನ್ನು ಬ್ರಾಡ್‌ಬರಿಯವರೇ ಹಿಗ್ಗಿಸಿ 1953ರಲ್ಲಿ ಕಾದಂಬರಿಯಾಗಿಸಿದರು. ಮುಂದೆ ಪ್ರಕಾಶಕರು ಶಾಲಾ ವಿದ್ಯಾರ್ಥಿಗಳಿಗೆಂದು ಲೇಖಕರಿಗೆ ತಿಳಿಸದೆ ಸುಮಾರು 75 ಕಡೆ ಕತ್ತರಿಯಾಡಿಸಿದರು. ಪುಸ್ತಕ ಸುಡುವವರ ಕಥೆಯನ್ನೇ ಗುಟ್ಟಾಗಿ ಕತ್ತರಿಸಲಾಗಿತ್ತು, ಮತ್ತು ಕೆಲವು ವರ್ಷಗಳ ಕಾಲ ಅಂಗಡಿಗಳಲ್ಲಿ ಆ ಪ್ರತಿಯೇ ಮಾರಾಟವಾಗುತ್ತಿತ್ತು. ಆ ಕಾಲದಲ್ಲಿ ಅದನ್ನು ಕೊಂಡು ಓದಿದವರು ಸಿನಿಮಾದ ಲೋಪಗಳನ್ನು ಎಣಿಸುವಾಗ ತಮ್ಮ ಕೈಯಲ್ಲಿದ್ದ ಪುಸ್ತಕದ ಲೋಪವನ್ನು ಅರಿತಿರಲಿಲ್ಲ.

ಇಷ್ಟು ಸಾಲದಿದ್ದರೆ, ಬ್ರಾಡ್‌ಬರಿಯವರು ತಾವೇ ಬರೆದ ರಂಗರೂಪವನ್ನು ನೋಡಿ. ಅದರಲ್ಲಿ ಪುಸ್ತಕ ಸುಡುವುದೇ ಕೆಲಸವಾದ ಅಗ್ನಿಶಾಮಕ ದಳದ ಕ್ಯಾಪ್ಟನ್ ಬೀಟಿ, ತನ್ನ ಕೈಕೆಳಗಿನ ಕಥಾನಾಯಕ ಮೊಂಟಾಗ್‌ನನ್ನು ಮನೆಗೆ ಕರೆದೊಯ್ದು ಸಾವಿರಾರು ಪುಸ್ತಕಗಳ ತನ್ನ ಗ್ರಂಥಾಲಯವನ್ನು ತೋರಿಸುತ್ತಾನೆ. ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲ, ಓದುವುದು ಅಪರಾಧ, ತಾನು ಒಂದನ್ನೂ ತೆರೆಯುವುದಿಲ್ಲ ಎನ್ನುವುದು ಅವನ ವಾದ. ಕಾದಂಬರಿಯಲ್ಲಿ ಈ ದೃಶ್ಯವೇ ಇಲ್ಲ. ಜಮಾಖರ್ಚಿನ ಪ್ರಕಾರ ಲೇಖಕರೇ ತಮ್ಮ ಕೃತಿಗೆ ದ್ರೋಹ ಬಗೆದಂತಾಯಿತು. ಹಾಗೆಂದು ಹೇಳುವ ಧೈರ್ಯ ಯಾರಿಗಿದೆ?

ಹಾಗಾದರೆ ಏನನ್ನು ನೋಡಬೇಕು? ಕಾದಂಬರಿ ತನ್ನ ವಾಕ್ಯಗಳಿಂದ ಸಾಧಿಸಿದ್ದನ್ನು ಸಾಧಿಸಲು ಸಿನಿಮಾ ತನ್ನದೇ ಉಪಾಯ ಕಂಡುಕೊಂಡಿದೆಯೇ ಎಂಬುದನ್ನು. ತ್ರುಫೋ ಅವರ ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಯಾರ ಹೆಸರೂ ಮೂಡುವುದಿಲ್ಲ. ಮನೆಗಳ ಮೇಲಿನ ಟೀವಿ ಆಂಟೆನಾಗಳು ಒಂದೊಂದಾಗಿ ಕಾಣುತ್ತಿರುವಾಗ ನಟರ, ತಂತ್ರಜ್ಞರ ಹೆಸರುಗಳನ್ನು ಒಂದು ಧ್ವನಿ ಓದಿ ಹೇಳುತ್ತದೆ. ಅಕ್ಷರ ನಿಷಿದ್ಧವಾದ ಲೋಕಕ್ಕೆ ನಾವು ಕಾಲಿಟ್ಟಿರುವುದು ಕಥೆ ಶುರುವಾಗುವ ಮೊದಲೇ ತಿಳಿಯುತ್ತದೆ. ಮೊಂಟಾಗ್ ಹಾಸಿಗೆಯಲ್ಲಿ ಕೂತು ನೋಡುವ ಪತ್ರಿಕೆಯಲ್ಲಿ ಬಣ್ಣದ ಚಿತ್ರಗಳಷ್ಟೇ ಇವೆ, ಒಂದು ಪದವೂ ಇಲ್ಲ. ಇನ್ನು ಅವನು ಮೊದಲ ಬಾರಿ ಓದುವ ರಾತ್ರಿಯ ದೃಶ್ಯ: ‘ಡೇವಿಡ್ ಕಾಪರ್‌ಫೀಲ್ಡ್’ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ಒಂದನೇ ತರಗತಿಯ ಮಗುವಿನಂತೆ ತಡವರಿಸುತ್ತಾ, ಶೀರ್ಷಿಕೆ ಪುಟದಲ್ಲಿರುವ ಪ್ರಕಾಶಕರ ವಿವರವನ್ನೂ ಬಿಡದೆ ಓದುತ್ತಾನೆ. ಯಾವುದನ್ನು ಓದಬೇಕು, ಯಾವುದನ್ನು ಹಾರಿಸಬೇಕು ಎಂಬುದೂ ಅವನಿಗೆ ತಿಳಿಯದು. ಕಾದಂಬರಿಯಲ್ಲಿ ಇದಕ್ಕೆ ಸಾಟಿಯಾದ ಪುಟ ನನಗೆ ಕಾಣುವುದಿಲ್ಲ. ಯಂತ್ರನಾಯಿ ಇಲ್ಲವೆಂದು ಕೊರಗುವವರ ಕಣ್ಣಿಗೆ ಈ ಬೆರಳು ಬೀಳದಿರುವುದು ನನಗೆ ಬೇಸರದ ಸಂಗತಿ.

ದೋಷಗಳ ಮಾತಿಗೆ ಬರೋಣ. ಮೊಂಟಾಗ್‌ನನ್ನು ಹುಡುಕಲು ಹಾರಿ ಬರುವ ಪೊಲೀಸರು ತಂತಿಗೆ ಕಟ್ಟಿದ ಗೊಂಬೆಗಳಂತೆ ಕಾಣುತ್ತಾರೆ, ಅದನ್ನು ಸಮರ್ಥಿಸುವ ಗೋಜಿಗೆ ನಾನು ಹೋಗುವುದಿಲ್ಲ. ನಿಜವಾದ ನಷ್ಟ ಬೇರೆ ಕಡೆ ಆಗಿದೆ. ಪುಸ್ತಕಗಳನ್ನು ಮೊದಲು ತೊರೆದದ್ದು ಸರ್ಕಾರವಲ್ಲ, ಜನರೇ ಎನ್ನುವುದು ಕಾದಂಬರಿಯ ತಿರುಳು. ಶ್ರೇಷ್ಠ ಕೃತಿಗಳು ಹದಿನೈದು ನಿಮಿಷದ ರೇಡಿಯೊ ಕಾರ್ಯಕ್ರಮಗಳಾಗಿ, ಬಳಿಕ ಎರಡು ನಿಮಿಷದಲ್ಲಿ ಓದಿ ಮುಗಿಸುವ ಅಂಕಣಗಳಾಗಿ, ಕೊನೆಗೆ ನಿಘಂಟಿನ ಹತ್ತು ಹನ್ನೆರಡು ಸಾಲುಗಳಾಗಿ ಕುಗ್ಗಿದ ಕಥೆಯನ್ನು, ಕಾಯಿಲೆಯೆಂದು ಮಲಗಿದ್ದ ಮೊಂಟಾಗ್‌ನ ಮುಂದೆ ಬೀಟಿ ಪುಟಗಟ್ಟಲೆ ಬಿಡಿಸಿಡುತ್ತಾನೆ. ಸಿನಿಮಾದ ಕ್ಯಾಪ್ಟನ್ ಮುದುಕಿಯ ಮನೆಯ ಗುಪ್ತ ಗ್ರಂಥಾಲಯದಲ್ಲಿ ನಿಂತು ಸೊಗಸಾಗಿಯೇ ಮಾತಾಡುತ್ತಾನೆ, ಆದರೆ ಆ ದೀರ್ಘ ಕುಸಿತದ ಚರಿತ್ರೆ ಅಲ್ಲಿ ಕರಗಿಹೋಗಿದೆ. ಹೀಗಾಗಿ ತಪ್ಪೆಲ್ಲ ಸಮವಸ್ತ್ರದವರದ್ದು, ನಮ್ಮದೇನೂ ಇಲ್ಲ ಎಂಬ ನೆಮ್ಮದಿ ಪ್ರೇಕ್ಷಕನಿಗೆ ಸಿಕ್ಕಿಬಿಡುತ್ತದೆ. ದೂರುವುದಾದರೆ ಇದನ್ನು ದೂರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಮೂಲ ಲೇಖಕರು ಮೆಚ್ಚಿದರೆ ಸಿನಿಮಾ ಒಳ್ಳೆಯದೆಂದು ತಿಳಿಯಬಹುದೇ? ಲೇಖಕರ ಮಾತು ಒಂದು ಸಾಕ್ಷ್ಯ, ತೀರ್ಪಲ್ಲ. ಮೊಂಟಾಗ್‌ನ ಹೆಂಡತಿಯ ಪಾತ್ರವನ್ನೂ ಅವನನ್ನು ಯೋಚನೆಗೆ ಹಚ್ಚುವ ನೆರೆಮನೆಯ ಹುಡುಗಿ ಕ್ಲಾರಿಸ್ ಪಾತ್ರವನ್ನೂ ನಟಿ ಜೂಲಿ ಕ್ರಿಸ್ಟಿ ಒಬ್ಬರಿಂದಲೇ ಮಾಡಿಸಿದ್ದು ತಪ್ಪೆಂದು ಬ್ರಾಡ್‌ಬರಿಯವರು ಹೇಳಿದ್ದರು. ನನಗಾದರೋ, ಓದುವ ಹೆಣ್ಣಿಗೂ ಓದದ ಹೆಣ್ಣಿಗೂ ಒಂದೇ ಮುಖವಿರುವುದು ಆ ಚಿತ್ರದ ಅತ್ಯಂತ ಚುರುಕಾದ ಯೋಚನೆ. ಇನ್ನೊಂದು ಬದಲಾವಣೆಯನ್ನು ಅವರು ಮನಸಾರೆ ಒಪ್ಪಿಕೊಂಡರು. ಕಾದಂಬರಿಯಲ್ಲಿ ಕ್ಲಾರಿಸ್ ನಡುವೆಯೇ ಕಣ್ಮರೆಯಾಗುತ್ತಾಳೆ, ಕಾರಿಗೆ ಸಿಕ್ಕಿ ಸತ್ತಳೆಂಬ ಸುದ್ದಿ ಮಾತ್ರ ಬರುತ್ತದೆ. ತ್ರುಫೋ ಅವಳನ್ನು ಬದುಕಿಸಿ, ಪುಸ್ತಕಗಳನ್ನು ಕಂಠಪಾಠ ಮಾಡಿಕೊಂಡು ಕಾಡಿನಲ್ಲಿ ಬಾಳುವವರ ನಡುವೆ ತಂದು ನಿಲ್ಲಿಸಿದರು. ಬ್ರಾಡ್‌ಬರಿಯವರೂ ತಮ್ಮ ರಂಗರೂಪದಲ್ಲಿ ಅವಳನ್ನು ಬದುಕಿಸಿದರು. ಆದರೆ ಕಾದಂಬರಿಗೆ ಮರಳಿ ಕೈಹಚ್ಚಲು ಒಪ್ಪಲಿಲ್ಲ. ಅಲ್ಲಿ ಅವಳು ಇಂದಿಗೂ ಹಿಂತಿರುಗುವುದಿಲ್ಲ.